ಮಾತು, ತರ್ಕ, ಬರವಣಿಗೆ: ಪ್ಲಸ್ ಟು ಮುಗಿಸಿದ ಗಡಿನಾಡಿನ ಮಕ್ಕಳು ಯಾವ ಪದವಿಗೆ ಸೇರಬಹುದು?

ಪ್ಲಸ್ ಟು ಫಲಿತಾಂಶ ಬಂದ ಮೇಲೆ ಎರಡು ವಾರ ನನ್ನ ಫೋನಿಗೆ ಪುರುಸೊತ್ತಿಲ್ಲ. ಕಾಸರಗೋಡಿನಲ್ಲಿ ಕೂತು ಅನುವಾದ ಮಾಡುತ್ತ, ಕರಡು ತಿದ್ದುತ್ತ ಹೊಟ್ಟೆ ಹೊರೆಯುವ ನನ್ನ ಹತ್ತಿರ ಡಾಕ್ಟರಾಗುವವರು ಯಾಕೆ ಬರುತ್ತಾರೆ? ಬರುವವರು ಕಲೋತ್ಸವದ ಭಾಷಣದಲ್ಲಿ ಎ ಗ್ರೇಡ್ ತಂದವರು, ಬಸ್ಸಿನಲ್ಲಿ ಮೂರು ಭಾಷೆ ಆಡಿ ಮನೆಗೆ ಬಂದು ನಾಲ್ಕನೆಯದಕ್ಕೆ ಬದಲಾಗುವವರು, "ಇವಳ ಹತ್ತಿರ ವಾದ ಮಾಡಿ ಗೆಲ್ಲಲಿಕ್ಕಿಲ್ಲ" ಎಂದು ಮನೆಯವರಿಂದ ಬೈಸಿಕೊಂಡವರು. ಈ ಸಲ ಅಕ್ಕನ ಮಗಳೇ ಬಂದಳು. ಅಪ್ಪನ ಒತ್ತಾಯಕ್ಕೆ ಸೈನ್ಸ್ ತೆಗೆದವಳು, ಮನಸ್ಸು ಮಾತ್ರ ಭಾಷೆಯ ಕಡೆಗೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಐದು ಹೆಸರು ಬರೆದಿದ್ದಳು: ಬಿಎ ಕನ್ನಡ, ಬಿಎ ಇಂಗ್ಲಿಷ್, ಜರ್ನಲಿಸಂ, ಫಿಲಾಸಫಿ, ಲಾ. ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ, "ಸ್ಪೀಚ್ ಥೆರಪಿ?"

"ಇದರಲ್ಲಿ ಯಾವುದಕ್ಕೆ ಸ್ಕೋಪ್ ಉಂಟು ಮಾವ?"

ಈ ಸ್ಕೋಪ್ ಎಂಬ ಶಬ್ದ ನಮ್ಮ ಕಡೆ ಎಷ್ಟು ಮಕ್ಕಳನ್ನು ಬೇಡದ ಬೆಂಚಿನಲ್ಲಿ ಕೂರಿಸಿದೆಯೋ ಲೆಕ್ಕವಿಲ್ಲ. ಅವಳಿಗೆ ಒಂದು ಚಾ ಕೊಟ್ಟು, ಹೆಸರುಗಳನ್ನು ಬದಿಗಿಡಿಸಿ, ಮೊದಲು ಅಳತೆಗೋಲು ಮಾಡಿಕೊಳ್ಳುವ ಎಂದೆ. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಯಾವುದರಿಂದ ಅಳೆಯುವುದು

ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದೇ: ಆ ಕೋರ್ಸಿನಲ್ಲಿ ವಾರಕ್ಕೆ ಎಷ್ಟು ಪುಟ ನೀನೇ ಸ್ವಂತ ಬರೆಯಬೇಕು, ಬರೆದದ್ದನ್ನು ಯಾರಾದರೂ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದೆ ಕೊಡುತ್ತಾರಾ? ನಾನು ಕಲಿತ ಕಡೆ "ಸಂವಹನ ಕೌಶಲ" ಎಂದೇ ಒಂದು ಪೇಪರ್ ಇತ್ತು. ವರ್ಷವಿಡೀ ನೋಟ್ಸ್ ಬರೆಸಿದರು. ಪರೀಕ್ಷೆಗೆ "ಸಂವಹನದ ಅಡೆತಡೆಗಳನ್ನು ವಿವರಿಸಿ" ಎಂದು ಪ್ರಶ್ನೆ ಬಂತು, ಬಾಯಿಪಾಠ ಒಪ್ಪಿಸಿ ಪಾಸಾದೆವು. ತರಗತಿಯಲ್ಲಿ ಒಬ್ಬನೂ ಒಂದು ದಿನವೂ ಎದ್ದು ನಿಂತು ಐದು ನಿಮಿಷ ಮಾತಾಡಲಿಲ್ಲ. ಕೆರೆಯ ಚಿತ್ರ ಬಿಡಿಸಿ ಈಜು ಕಲಿಸಿದ ಹಾಗೆ. ಅಂದಿನಿಂದ ಸಿಲೆಬಸ್ಸಿನ ಹೆಸರು ನೋಡಿ ಮರುಳಾಗುವುದನ್ನು ಬಿಟ್ಟಿದ್ದೇನೆ.

ಎರಡನೆಯದು ತರ್ಕ. ನಿನ್ನ ಅಭಿಪ್ರಾಯದ ವಿರುದ್ಧ ಪಕ್ಷವನ್ನೂ ಅಷ್ಟೇ ಗಟ್ಟಿಯಾಗಿ ಹೇಳುವ ಅಭ್ಯಾಸ ಅಲ್ಲಿ ಸಿಗುತ್ತದಾ? ಮೂರನೆಯದು, ಕೊನೆಗೆ ಕೈಗೆ ಬರುವ ಕಾಗದ ಗಡಿಯ ಯಾವ ಬದಿಯಲ್ಲಿ ನಡೆಯುತ್ತದೆ. ಗಡಿಯ ತಲಪಾಡಿ ದಾಟಿ ಕರ್ನಾಟಕದಲ್ಲಿ ಕಲಿತು ಬಂದು ಕೇರಳದಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ಮಾನ್ಯತೆಯ ಪತ್ರ, ತತ್ಸಮಾನ ಪತ್ರ ಎಂದು ಓಡಾಡಿದವರನ್ನು ಕೇಳಿ ನೋಡಿ. ಹೆಸರು ಹೊಸ ಮಾದರಿಯದ್ದಾದಷ್ಟೂ ಓಡಾಟ ಹೆಚ್ಚು. ನಾಲ್ಕನೆಯದು ದುಡ್ಡು. ಫೀಸೊಂದೇ ಅಲ್ಲ, ರೈಲು, ಹಾಸ್ಟೆಲ್, ಮಧ್ಯಾಹ್ನದ ಊಟ ಎಲ್ಲ ಸೇರಿಸಿ. ಇನ್ನೊಂದು ಉಂಟು, ಅದನ್ನು ಬಾಯಿಬಿಟ್ಟು ಹೇಳಲು ನಮ್ಮವರಿಗೆ ನಾಚಿಕೆ: ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಮೊದಲ ಸೆಮಿಸ್ಟರಿನ ಇಂಗ್ಲಿಷ್ ಪಾಠ ಎಷ್ಟು ತಲೆಗೆ ಹೋಗುತ್ತದೆ ಎಂಬುದು.

ಒಂದು ಹಿನ್ನೆಲೆಯನ್ನೂ ತಿಳಿದಿರಬೇಕು. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಮೂರು ವರ್ಷಕ್ಕೆ 133 ಕ್ರೆಡಿಟ್ ಮುಗಿಸಿ ಡಿಗ್ರಿ ತೆಗೆದುಕೊಂಡು ಹೊರಗೆ ಬರಬಹುದು, 177 ಮುಗಿಸಿದರೆ ಆನರ್ಸ್. ಕರ್ನಾಟಕದಲ್ಲಿ ಇದಕ್ಕೆ ಉಲ್ಟಾ. 2021ರಲ್ಲಿ ತಂದ ನಾಲ್ಕು ವರ್ಷದ ಪದ್ಧತಿಯನ್ನು ಬಿಟ್ಟು 2024ರಲ್ಲಿ ಮತ್ತೆ ಮೂರಕ್ಕೆ ಮರಳಿದರು. ಹಾಗಾಗಿ ಮಂಜೇಶ್ವರದ ಇಬ್ಬರು ಗೆಳತಿಯರು ಒಂದೇ ರೈಲು ನಿಲ್ದಾಣದಿಂದ ಒಬ್ಬಳು ತೆಂಕಕ್ಕೆ, ಒಬ್ಬಳು ಬಡಗಕ್ಕೆ ಹೋದರೆ ಅವರು ಕಲಿಯುವ ವರ್ಷಗಳ ಲೆಕ್ಕವೇ ಬೇರೆಯಾಗುತ್ತದೆ.

ಬಿಎ ಕನ್ನಡ

ಮನೆಯ ಹತ್ತಿರದ್ದು, ಆದ್ದರಿಂದ ಅಗ್ಗ, ಆದ್ದರಿಂದಲೇ ಅಸಡ್ಡೆಗೆ ಗುರಿಯಾದದ್ದು. ವಿದ್ಯಾನಗರದ ಕಾಸರಗೋಡು ಸರ್ಕಾರಿ ಕಾಲೇಜು 1957ರದ್ದು. ಅಂದರೆ ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷವೇ ಹುಟ್ಟಿದ್ದು. ಅಲ್ಲಿ ಕನ್ನಡವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡರೆ ಫೀಸು ಮನೆಯವರ ನಿದ್ದೆ ಕೆಡಿಸುವಷ್ಟಲ್ಲ, ಬುತ್ತಿ ಕಟ್ಟಿಕೊಂಡು ಹೋಗಿ ಬರಬಹುದು.

ಕನ್ನಡ ಎಂದರೆ ಕವಿತೆ ಓದಿ ಭಾವುಕರಾಗುವುದು ಎಂದು ತಿಳಿದವರಿಗೆ ಮೊದಲ ಪೆಟ್ಟು ಕೊಡುವುದು ವ್ಯಾಕರಣ. ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ಸೂತ್ರ ಹೇಳಿ, ವೃತ್ತಿ ಎಂದರೆ ವಿವರಣೆ ಬರೆದು, ಪ್ರಯೋಗ ಕೊಟ್ಟು ಒಂದೊಂದು ನಿಯಮವನ್ನು ನಿಲ್ಲಿಸುವ ಕ್ರಮವನ್ನು ಗಮನವಿಟ್ಟು ನೋಡಿದರೆ ಅದು ತರ್ಕದ ಪಾಠವೇ. ಭಾಷಾವಿಜ್ಞಾನವೂ ಇಲ್ಲಿ ಒಂದಿಷ್ಟು ಸಿಗುತ್ತದೆ. ಕಾಸರಗೋಡಿನ ಮಗುವಿಗೆ ಅದರಲ್ಲಿ ಇರುವ ಲಾಭ ಬೆಂಗಳೂರಿನ ಮಗುವಿಗಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಕನ್ನಡದಲ್ಲಿ "ನಾವು ಪೇಟೆಗೆ ಹೋಗುತ್ತೇವೆ" ಎಂದರೆ ಕೇಳುತ್ತಿರುವ ನೀವೂ ಬರುತ್ತೀರೋ ಇಲ್ಲವೋ ಗೊತ್ತಾಗುವುದಿಲ್ಲ. ತುಳುವಿನಲ್ಲಿ ಆ ಸಂಶಯವೇ ಇಲ್ಲ: ನೀವೂ ಸೇರಿದರೆ "ನಮ", ನಿಮ್ಮನ್ನು ಬಿಟ್ಟು ನಾವು ಮಾತ್ರವಾದರೆ "ಎಂಕುಲು". ಮಲಯಾಳದಲ್ಲೂ ಹಾಗೆಯೇ, "ನಮ್ಮಳ್" ಬೇರೆ, "ಞಙ್ಙಳ್" ಬೇರೆ. ಇನ್ನೂ ಸೋಜಿಗವೆಂದರೆ ಕನ್ನಡದ್ದೇ ಉಪಭಾಷೆಯಾದ ಹವ್ಯಕದಲ್ಲಿ ಈ ಭೇದ ಉಳಿದಿದೆ, "ನಾವು" ಮತ್ತು "ಎಂಗೊ" ಎಂದು. ಅಕ್ಕನ ಮಗಳು ಇದನ್ನು ಕೇಳಿ ಚಾದ ಲೋಟ ಕೆಳಗಿಟ್ಟಳು. ಇಷ್ಟು ವರ್ಷ ನಾಲ್ಕು ಭಾಷೆಯಲ್ಲಿ ಸರಿಯಾಗಿಯೇ ಬಳಸುತ್ತಿದ್ದವಳಿಗೆ ತಾನು ಬಳಸುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ಇಂಥದ್ದರಲ್ಲಿ ಕುತೂಹಲ ಹುಟ್ಟಿದವರು ಭಾಷಾವಿಜ್ಞಾನವನ್ನೇ ಹಿಡಿಯಬಹುದು. ಬಿಎ ಮಟ್ಟದಲ್ಲಿ ಅದನ್ನು ಮುಖ್ಯ ವಿಷಯವಾಗಿ ಕಲಿಯುವ ಅವಕಾಶ ವಿರಳ. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂಎಗೆ ಉಂಟು, ಅದಕ್ಕೆ ಕನ್ನಡ ಬಿಎ ಒಳ್ಳೆಯ ಅಡಿಪಾಯ.

ಕೆಲಸದ ಮಾತು. ಬಿಎ ಕನ್ನಡ, ಮೇಲೆ ಬಿಎಡ್, ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ ಕೆ-ಟೆಟ್ ಆದರೆ ಜಿಲ್ಲೆಯ ಹೈಸ್ಕೂಲುಗಳ ಕನ್ನಡ ಅಧ್ಯಾಪಕ ಹುದ್ದೆಯ ಬಾಗಿಲು. ಎಂಎ, ಬಿಎಡ್, ಮೇಲಿನ ಹಂತದ ಅರ್ಹತಾ ಪರೀಕ್ಷೆ ಸೆಟ್ ಆದರೆ ಹೈಯರ್ ಸೆಕೆಂಡರಿಯದ್ದು. ಕಾಸರಗೋಡು ಜಿಲ್ಲೆಗೆಂದು ಸರ್ಕಾರಿ ನೇಮಕದ ಆಯೋಗವಾದ ಪಿಎಸ್‌ಸಿ "ಕನ್ನಡ ಮತ್ತು ಮಲಯಾಳ ಬಲ್ಲವರು" ಎಂದು ಬೇರೆಯಾಗಿ ಕರೆಯುವ ಹುದ್ದೆಗಳೂ ಉಂಟು. ಬಾಗಿಲು ಕೆಲವೇ, ಕಾಯುವುದು ದೀರ್ಘ, ಪಟ್ಟಿಯಲ್ಲಿ ಹೆಸರು ಬಂದರೂ ನೇಮಕಕ್ಕೆ ವರ್ಷ ಹಿಡಿಯಬಹುದು. ಇದನ್ನು ಮುಚ್ಚಿಟ್ಟು "ಕನ್ನಡ ಉಳಿಸಿ" ಎಂದು ಮಕ್ಕಳನ್ನು ಹುರಿದುಂಬಿಸುವುದು ನನಗೆ ಸರಿ ಕಾಣುವುದಿಲ್ಲ. ಮತ್ತೊಂದು ಮಾತು: ಕನ್ನಡ ಬಿಎ ಮಾಡುವವರು ಮಲಯಾಳ ಓದಲು ಬರೆಯಲು ಕಲಿಯದೆ ಇರುವುದು ಹಟವಲ್ಲ, ನಷ್ಟ. ನನ್ನ ಅನುವಾದದ ಕೆಲಸದಲ್ಲಿ ಮುಕ್ಕಾಲು ಪಾಲು ಆ ಎರಡು ಲಿಪಿಗಳ ನಡುವೆಯೇ ನಡೆಯುತ್ತದೆ.

ಬಿಎ ಇಂಗ್ಲಿಷ್

ಇದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಹೆಚ್ಚು ಕಡೆ ಒಪ್ಪಿಗೆಯಾಗುವ ಪದವಿ, ಎರಡೂ ರಾಜ್ಯಗಳಲ್ಲಿ ತಕರಾರಿಲ್ಲ, ಮುಂದೆ ಯಾವ ಎಂಎಗಾದರೂ ದಾರಿ. ಆದರೆ ಇಂಗ್ಲಿಷ್ ಮಾತಾಡಲು ಕಲಿಯಬೇಕೆಂದು ಇಲ್ಲಿಗೆ ಸೇರುವವರು ಮೋಸ ಹೋಗುತ್ತಾರೆ. ಅಲ್ಲಿರುವುದು ಸಾಹಿತ್ಯ, ವಿಮರ್ಶೆ, ಸಿದ್ಧಾಂತ. ಚಾಸರನ ಕಾಲದಿಂದ ಇಳಿದು ಬರುವಷ್ಟರಲ್ಲಿ ಮಾತಾಡುವ ಧೈರ್ಯ ಇದ್ದದ್ದೂ ಹೋಗಬಹುದು! ಓದುವ ಹಸಿವಿದ್ದರೆ ಸೇರಿ. ಕೇರಳದಲ್ಲಿ ಫಂಕ್ಷನಲ್ ಇಂಗ್ಲಿಷ್ ಎಂಬ ಬೇರೆ ಬಿಎ ಕೆಲವು ಕಡೆ ಉಂಟು, ಬಳಕೆಯ ಭಾಷೆಗೆ ಒತ್ತು ಕೊಡುವಂಥದ್ದು. ಆದರೆ ಅಧ್ಯಾಪಕ ಹುದ್ದೆಯ ಕನಸಿದ್ದರೆ ಆ ಹೆಸರನ್ನು ಒಪ್ಪುತ್ತಾರೋ ಎಂದು ಪಿಎಸ್‌ಸಿಯ ಹಳೆಯ ಅಧಿಸೂಚನೆ ತೆರೆದು ನೋಡಿಯೇ ಹೆಜ್ಜೆಯಿಡಿ.

ಮನೆಯಿಂದ ಹೊರಡಲಾಗದವರಿಗೆ, ಅಂಗಡಿಯಲ್ಲೋ ತೋಟದಲ್ಲೋ ಕೆಲಸ ಮಾಡುತ್ತ ಓದಬೇಕಾದವರಿಗೆ ದೂರಶಿಕ್ಷಣದ ಮುಕ್ತ ವಿಶ್ವವಿದ್ಯಾಲಯ ಇಗ್ನೋದ ಇಂಗ್ಲಿಷ್ ಆನರ್ಸ್ ಒಂದು ದಾರಿ. ಅದರ ಪಠ್ಯ ಚೆನ್ನಾಗಿರುತ್ತದೆ. ತಿದ್ದುವ ಮೇಷ್ಟ್ರು ಎದುರಿಗಿಲ್ಲ ಎಂಬುದೇ ಕೊರತೆ.

ಪತ್ರಿಕೋದ್ಯಮ

ಕಾಸರಗೋಡು ಕೂತಿರುವ ಜಾಗ ನೋಡಿ. ಬಡಗಕ್ಕೆ ಮಂಗಳೂರು, ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಹೊರಟ ಊರು. ತೆಂಕಕ್ಕೆ ತಲಶ್ಶೇರಿ, ಮಲಯಾಳದ ಮೊದಲ ಪತ್ರಿಕೆ ರಾಜ್ಯಸಮಾಚಾರಂ 1847ರಲ್ಲಿ ಹೊರಟ ಊರು. ಎರಡರ ಹಿಂದೆಯೂ ಬಾಸೆಲ್ ಮಿಶನ್ನಿನವರೇ. ನಾವು ನಟ್ಟನಡುವೆ ಇದ್ದೇವೆ, ಆದರೂ ಈ ವಿಷಯ ಕಲಿಯಲು ನಮ್ಮ ಮಕ್ಕಳ ಕಣ್ಣು ಹೋಗುವುದು ಮಂಗಳೂರು, ಉಜಿರೆ, ಮೂಡುಬಿದಿರೆಗೇ. ತಪ್ಪೇನಿಲ್ಲ. ಅಲ್ಲಿ ಸ್ಟುಡಿಯೋ, ಕ್ಯಾಮರಾ, ಕ್ಯಾಂಪಸ್ಸಿನ ಪತ್ರಿಕೆ ಇರುತ್ತದೆ. ಕನ್ನಡದಲ್ಲಿ ವರದಿ ಬರೆಸುತ್ತಾರೆ, ಗಡುವು ಕೊಡುತ್ತಾರೆ, ತಿದ್ದುತ್ತಾರೆ. ನನ್ನ ಮೊದಲ ಅಳತೆಗೋಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ಇದಕ್ಕೇ.

ದುಡ್ಡಿನ ಲೆಕ್ಕ ಹೀಗೆ: ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್ ರೈಲಿನಲ್ಲಿ ಸುಮಾರು 46 ಕಿ.ಮೀ. ಸೀಸನ್ ಟಿಕೆಟ್ ಇದ್ದರೆ ದಿನಾ ಹೋಗಿ ಬರಬಹುದು, ಹಾಸ್ಟೆಲಿನ ದುಡ್ಡು ಉಳಿಯುತ್ತದೆ. ಆದರೆ ಕಾಲೇಜಿನ ಮುಖ್ಯ ಕಲಿಕೆ ಸಂಜೆ ನಾಲ್ಕರ ಮೇಲೆ ನಡೆಯುವಂಥದ್ದು: ಪತ್ರಿಕೆ ಕಟ್ಟುವುದು, ಕಿರುಚಿತ್ರ ತೆಗೆಯುವುದು. ರೈಲಿಗೆ ಓಡುವವರಿಗೆ ಅದು ಸಿಗುವುದಿಲ್ಲ. ಉಜಿರೆ, ಮೂಡುಬಿದಿರೆಯಾದರೆ ಹಾಸ್ಟೆಲ್ ತಪ್ಪಿದ್ದಲ್ಲ. ಖಾಸಗಿ ಮತ್ತು ಸ್ವಾಯತ್ತ ಕಾಲೇಜುಗಳ ಫೀಸು ವರ್ಷಕ್ಕೊಮ್ಮೆ ಬದಲಾಗುತ್ತದೆ, ಮೂರೂ ವರ್ಷದ್ದನ್ನು ಒಟ್ಟಿಗೆ ಬರೆಸಿಕೊಳ್ಳಿ. ಗಡಿನಾಡ ಕನ್ನಡಿಗರಿಗೆ ಕರ್ನಾಟಕದಲ್ಲಿ ಸೀಟು ಮೀಸಲು ಎಂದು ಕೇಳಿ ಆಸೆಯಿಂದ ಬರುವವರಿದ್ದಾರೆ. ಅದು ಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಸೇರುವ ಇಂಜಿನಿಯರಿಂಗಿನಂಥ ವೃತ್ತಿಪರ ಕೋರ್ಸುಗಳ ಮಾತು, ಬಿಎಗೆ ಅದನ್ನು ನಂಬಿ ಹೋಗಬೇಡಿ.

ತರ್ಕದ ಮಟ್ಟಿಗೆ ಇಲ್ಲಿ ಸಿಗುವುದು ಕಡಿಮೆ. ಹೇಗೆ ಹೇಳಬೇಕೆಂದು ಕಲಿಸುತ್ತಾರೆ. ಏನು ಹೇಳಬೇಕು, ಅದು ನಿಲ್ಲುತ್ತದಾ ಎಂಬುದಕ್ಕೆ ಜತೆಗೆ ಅರ್ಥಶಾಸ್ತ್ರವೋ ರಾಜ್ಯಶಾಸ್ತ್ರವೋ ಬೇಕು.

ತತ್ವಶಾಸ್ತ್ರ, ನ್ಯಾಯ, ಕಾನೂನು

ತರ್ಕವನ್ನೇ ತರ್ಕವೆಂದು ಕಲಿಯಬೇಕಾದರೆ ಫಿಲಾಸಫಿ. ತಲಶ್ಶೇರಿಯ ಸರ್ಕಾರಿ ಬ್ರೆಣ್ಣನ್ ಕಾಲೇಜಿನಲ್ಲಿ ಬಿಎ ಉಂಟು, ಕಾಸರಗೋಡಿನ ಕಾಲೇಜಿನ ಹಾಗೆ ಅದೂ ಕಣ್ಣೂರು ವಿಶ್ವವಿದ್ಯಾಲಯದ ಅಡಿಯಲ್ಲಿ. ಗೊತ್ತಿದ್ದುದರಿಂದ ಗೊತ್ತಿಲ್ಲದ್ದನ್ನು ತೀರ್ಮಾನಿಸುವ ಅರಿಸ್ಟಾಟಲನ ಕ್ರಮದಿಂದ ಹಿಡಿದು, ಹೇಳಿಕೆಗಳ ಸರಿ-ತಪ್ಪನ್ನು ಪಟ್ಟಿಮಾಡಿ ನೋಡುವ ಸತ್ಯಕೋಷ್ಟಕದವರೆಗೆ ಕಲಿಸುತ್ತಾರೆ. ಸಂಸ್ಕೃತ ಗಟ್ಟಿ ಇದ್ದವರಿಗೆ ಶೃಂಗೇರಿಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣವಿದೆ, ನಮ್ಮ ಹಳೆಯ ತರ್ಕವಿದ್ಯೆಯಾದ ನ್ಯಾಯಶಾಸ್ತ್ರವನ್ನೇ ಹಿಡಿದು ಶಾಸ್ತ್ರೀ ಪದವಿ ಮಾಡಬಹುದು. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಮೆಟ್ಟಿಲಲ್ಲಿ ವಾದ ಕಟ್ಟುವ ಶಿಸ್ತು ಒಮ್ಮೆ ಮೈಗೆ ಹತ್ತಿದರೆ ಬಿಡುವುದಿಲ್ಲ. ಎರಡರ ತೊಂದರೆಯೂ ಒಂದೇ: ಅದೊಂದರಿಂದಲೇ ಸಿಗುವ ಕೆಲಸ ತೀರಾ ಕಡಿಮೆ. ಇದನ್ನು ಮುಖ್ಯ ವಿಷಯವಾಗಿ ತೆಗೆಯುವುದಾದರೆ ಮುಂದೆ ಎಂಎಯೋ ಸಿವಿಲ್ ಸರ್ವೀಸೋ ಕಾನೂನೋ ಎಂದು ಎರಡನೆಯ ಹೆಜ್ಜೆಯನ್ನೂ ಇಂದೇ ಯೋಚಿಸಿರಬೇಕು.

ಕಾನೂನಿನ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಉಂಟು, ಯಾಕೆಂದು ಹೇಳುತ್ತೇನೆ. ನಮ್ಮೂರಲ್ಲಿ ಮಳೆಗಾಲದ ತಾಳಮದ್ದಳೆಗೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗಿ ಕೂತವರಿಗೆ ವಾಲಿಮೋಕ್ಷ ಗೊತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಎಂದು ವಾಲಿ ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಅಧರ್ಮಕ್ಕೆ ರಾಜದಂಡ ಎನ್ನುತ್ತಾನೆ ರಾಮ. ನಾನು ಕಪಿ, ನನಗೆ ಮನುಷ್ಯರ ಧರ್ಮ ಹೇಗೆ ಹೊಂದುತ್ತದೆ ಎಂದರೆ, ಮೃಗವಾದರೆ ಬೇಟೆ, ಬೇಟೆಯಲ್ಲಿ ಮರೆ ತಪ್ಪಲ್ಲ ಎಂದು ಉತ್ತರ. ಇಲ್ಲಿ ವಾಲಿಯ ಪಾತ್ರಕ್ಕೆ ಮಾತಾಡುವ ಬಲ್ಲ ಅರ್ಥಧಾರಿ ತಟ್ಟನೆ ಹಿಡಿಯುತ್ತಾನೆ: ಬೇಟೆಯಾದರೆ ದಂಡನೆಯಲ್ಲ, ದಂಡನೆಯಾದರೆ ಬೇಟೆಯಲ್ಲ, ಯಾವುದಾದರೂ ಒಂದನ್ನು ಆರಿಸಿಕೋ ರಾಮ! ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರನ್ನು ವಾಲಿಯ ಅರ್ಥದೊಂದಿಗೆ ಸೇರಿಸಿ ಇಂದಿಗೂ ಹಿರಿಯರು ನೆನೆಯುತ್ತಾರೆ. ವಕೀಲರು ಕೋರ್ಟಿನಲ್ಲಿ ಮಾಡುವುದೂ ಇದನ್ನೇ, ಎದುರಾಳಿಯ ಎರಡು ವಾದಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುವುದು. ಪದ್ಯ ಮತ್ತು ಚಂಡೆ ಇಲ್ಲ, ಅಷ್ಟೇ.

ಐದು ವರ್ಷದ ಬಿಎ ಎಲ್‌ಎಲ್‌ಬಿಯಲ್ಲಿ ಎರಡು ಪದವಿ ಒಟ್ಟಿಗೆ ಬರುತ್ತವೆ. ಮಂಗಳೂರಿನ ಎಸ್‌ಡಿಎಂ ಕಾನೂನು ಕಾಲೇಜು ರೈಲಿನ ಅಳತೆಯಲ್ಲಿದೆ. ರಾಷ್ಟ್ರೀಯ ಕಾನೂನು ಶಾಲೆಗಳಿಗಾದರೆ ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು: ಎರಡು ಗಂಟೆಗೆ 120 ಪ್ರಶ್ನೆ, ಇಂಗ್ಲಿಷ್ ಮತ್ತು ತರ್ಕವೇ ಅದರ ಬೆನ್ನೆಲುಬು, ಫೀಸು ಮಾತ್ರ ಲಕ್ಷದ ಲೆಕ್ಕದಲ್ಲಿ. ಕಾಸರಗೋಡಿನಲ್ಲಿ ಕನ್ನಡ ಬಲ್ಲ ವಕೀಲರಿಗೆ ಒಂದು ವಿಶೇಷ ಉಪಯೋಗ ಉಂಟು. ಇದು ದಕ್ಷಿಣ ಕನ್ನಡ ಜಿಲ್ಲೆಯಾಗಿದ್ದ ಕಾಲದ ಜಾಗದ ಆಧಾರಪತ್ರಗಳು ಕನ್ನಡದಲ್ಲಿವೆ. ಅವನ್ನು ಓದಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಹೇಳಬಲ್ಲವರಿಗೆ ಬೇಡಿಕೆ ಇದೆ, ಅಂಥ ಕಾಗದಗಳು ಅನುವಾದಕ್ಕೆಂದು ನನ್ನ ಮೇಜಿಗೂ ಬರುತ್ತವೆ. ಆದರೆ ಐದು ವರ್ಷ ಕಳೆದು ಇನ್ನೂ ಎರಡು ಮೂರು ವರ್ಷ ಹಿರಿಯ ವಕೀಲರ ಆಫೀಸಿನಲ್ಲಿ ಚಿಕ್ಕಾಸಿಗೆ ದುಡಿಯುವ ಶಕ್ತಿ ಮನೆಗೆ ಇರಬೇಕು. ತಕ್ಷಣ ಸಂಬಳ ಬೇಕಾದ ಮನೆಗೆ ಇದು ಹೇಳಿಸಿದ್ದಲ್ಲ.

ಪೆನ್ಸಿಲಿನಲ್ಲಿ ಬರೆದದ್ದು

ಸ್ಪೀಚ್ ಥೆರಪಿಯ ಪದವಿಗೆ ಬಿಎಎಸ್‌ಎಲ್‌ಪಿ ಎಂದು ಹೆಸರು, ನಾಲ್ಕು ವರ್ಷ, ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಪ್ಲಸ್ ಟುವಿನಲ್ಲಿ ಸೈನ್ಸ್ ಇದ್ದವರಿಗೆ ಮಾತ್ರ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ತಿರುವನಂತಪುರದ ನಿಶ್ ಹೆಸರಾಂತ ಜಾಗಗಳು, ಮಂಗಳೂರಿನಲ್ಲೂ ಕಾಲೇಜುಗಳಿವೆ. ಮುಗಿಸಿ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಮಾಡಿಸಿಕೊಂಡರೆ ದೇಶದಲ್ಲಿ ಎಲ್ಲಿಯೂ ಕೆಲಸ ಮಾಡಬಹುದು. ನಮ್ಮ ಪಟ್ಟಿಯಲ್ಲಿ ಗಡಿಯ ತಕರಾರಿಲ್ಲದ ಪದವಿಗಳಲ್ಲಿ ಇದೂ ಒಂದು.

ಭಾಷೆಯನ್ನು ಇಷ್ಟು ಹತ್ತಿರದಿಂದ ನೋಡುವ ಕಲಿಕೆ ಬೇರೆ ಇಲ್ಲ: ನಾಲಿಗೆ ಎಲ್ಲಿ ತಾಗಿದರೆ ಳ, ಎಲ್ಲಿ ತಾಗಿದರೆ ಲ, ಮಗು ಯಾವ ವಯಸ್ಸಿನಲ್ಲಿ ಎಂಥ ವಾಕ್ಯ ಕಟ್ಟುತ್ತದೆ, ಪಾರ್ಶ್ವವಾಯು ಬಡಿದವರಿಗೆ ಹೆಸರುಗಳೇ ಯಾಕೆ ನೆನಪಾಗುವುದಿಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಾಧಿತ ಊರುಗಳಿರುವ, ವಿಶೇಷ ಮಕ್ಕಳ ಬಡ್ಸ್ ಶಾಲೆಗಳಿರುವ ನಮ್ಮ ಜಿಲ್ಲೆಯಲ್ಲಿ ತುಳುವೋ ಕನ್ನಡವೋ ಮಾತ್ರ ಕೇಳಿ ಬೆಳೆದ ಮಗುವಿಗೆ ಅದರ ಮನೆಮಾತಿನಲ್ಲೇ ಮಾತು ಕಲಿಸುವವರು ಬೇಕು. ಬೇರೆ ಭಾಷೆಯ ಥೆರಪಿಸ್ಟ್ ಎಷ್ಟು ಜಾಣರಾದರೂ ಆ ಮಗು ತಪ್ಪು ಹೇಳಿತೋ ತನ್ನ ಮನೆಯ ಹಾಗೆ ಹೇಳಿತೋ ಎಂದು ಗುರುತಿಸುವುದು ಕಷ್ಟ. ಒಂದು ಎಚ್ಚರಿಕೆ: ಇದು ಆಸ್ಪತ್ರೆಯ ಕೆಲಸ. ಒಂದೇ ಧ್ವನಿಯನ್ನು ಒಂದೇ ಮಗುವಿನ ಬಾಯಲ್ಲಿ ನೂರು ಸಲ ಹೇಳಿಸುವ ತಾಳ್ಮೆ ಬೇಕು. ಭಾಷಣದಲ್ಲಿ ಚಪ್ಪಾಳೆ ಗಿಟ್ಟಿಸಿ ಅಭ್ಯಾಸವಾದವರಿಗೆ ಅದು ಒಗ್ಗದಿರಬಹುದು.

ಯಾರಿಗೆ ಯಾವುದು

ದುಡ್ಡು ಕಡಿಮೆ, ಓದುವ ಆಸೆ ಹೆಚ್ಚು, ಊರಲ್ಲೇ ಮೇಷ್ಟ್ರೋ ಟೀಚರೋ ಆಗುವ ಮನಸ್ಸು ಎಂದರೆ ಕನ್ನಡವೇ. ಅದಕ್ಕೆ ಮೈನರ್ (ಜತೆಯ ಉಪವಿಷಯ) ಆಗಿ ಇಂಗ್ಲಿಷನ್ನೋ ಜರ್ನಲಿಸಮ್ಮನ್ನೋ ಕಾಲೇಜು ಕೊಡುತ್ತದಾ ಎಂದು ಕೇಳಿ ಹಾಕಿಕೊಳ್ಳಿ, ಒಂದೇ ಕಾಲಿನಲ್ಲಿ ನಿಲ್ಲಬೇಡಿ. ಬೇಗ ಸಂಪಾದನೆಗೆ ಇಳಿಯಬೇಕು, ಊರು ಬಿಡಲು ಹೆದರಿಕೆಯಿಲ್ಲ ಎಂದರೆ ಪತ್ರಿಕೋದ್ಯಮ. ಮನೆಯಲ್ಲಿ ಏಳೆಂಟು ವರ್ಷ ಕಾಯುವ ತಾಕತ್ತಿದ್ದರೆ ಕಾನೂನು. ಸೈನ್ಸ್ ಓದಿದ್ದು, ಭಾಷೆಯೂ ಬೇಕು, ಕೆಲಸವೂ ಬೇಗ ಬೇಕು ಎಂದರೆ ಬಿಎಎಸ್‌ಎಲ್‌ಪಿಯನ್ನು ಪೆನ್ಸಿಲಿನಿಂದ ಪೆನ್ನಿಗೆ ತನ್ನಿ. ಇಂಗ್ಲಿಷ್ ಮತ್ತು ಫಿಲಾಸಫಿಯನ್ನು ಇನ್ನೊಂದಕ್ಕೆ ಮೆಟ್ಟಿಲಾಗಿ ನೋಡುವವರು ತೆಗೆದುಕೊಂಡರೆ ಚೆನ್ನ.

ಕಾಲೇಜು ನೋಡಲು ಹೋದಾಗ ಆಡಿಟೋರಿಯಂ ನೋಡಿ ಬರಬೇಡಿ. ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿಯ ಅಸೈನ್‌ಮೆಂಟ್ ಪುಸ್ತಕ ಕೇಳಿ ತೆರೆಯಿರಿ. ಬರೀ ಸಹಿ ಮತ್ತು ಅಂಕ ಇದ್ದರೆ ಒಂದು ಲೆಕ್ಕ, ಅಂಚಿನಲ್ಲಿ "ಇದಕ್ಕೆ ಆಧಾರವೇನು?" ಎಂದು ಯಾರಾದರೂ ಬರೆದಿದ್ದರೆ ಬೇರೆ ಲೆಕ್ಕ.

ಅರ್ಜಿ ತುಂಬುವಾಗ ಇನ್ನೊಂದು. ಕಣ್ಣೂರು ವಿಶ್ವವಿದ್ಯಾಲಯದ್ದು ಏಕಗವಾಕ್ಷಿ, ಅಂದರೆ ಎಲ್ಲ ಕಾಲೇಜಿಗೂ ಒಂದೇ ಅರ್ಜಿ, ಕಾಲೇಜು ಮತ್ತು ವಿಷಯಗಳನ್ನು ಇಷ್ಟದ ಕ್ರಮದಲ್ಲಿ ಹಾಕಬೇಕು. ಸಿಗುವುದು ಖಚಿತ ಎಂದು ಕಡಿಮೆ ಇಷ್ಟದ್ದನ್ನು ಮೇಲೆ ಹಾಕಿದರೆ ಅದೇ ಬಂದು ಕೂರುತ್ತದೆ, ಕೆಳಗಿನದ್ದು ತಾನಾಗಿ ರದ್ದಾಗುತ್ತದೆ. ಅಕ್ಕನ ಮಗಳು ಮೊದಲು ಹಾಗೆಯೇ ಮಾಡಿದ್ದಳು, ಮೇಲಿದ್ದದ್ದು ಇಂಗ್ಲಿಷ್. ನನ್ನ ಮೇಜಿನ ಮೇಲೆಯೇ ಅಳಿಸಿ ಕನ್ನಡವನ್ನು ಮೇಲೆ ತಂದಳು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಪ್ರವೇಶ ಪರೀಕ್ಷೆಗೂ ಅರ್ಜಿ ಹಾಕುತ್ತಾಳಂತೆ. ಅಪ್ಪನಿಗೆ ಹೇಳಿದ್ದೀಯಾ ಎಂದು ಕೇಳಿದೆ. "ಅದಕ್ಕೇ ನಿಮ್ಮ ಹತ್ತಿರ ಬಂದದ್ದು" ಎಂದಳು.